ಭವದತ್ತನ ತೊಗಲಿನ ಹೃದಯ

ನದಿಯ ದಡದ ಆಶ್ರಮದಲ್ಲಿ ಒಬ್ಬ ವೈದ್ಯಗುರು ಇದ್ದರು. ಅವರ ಶಿಷ್ಯರೆಲ್ಲ ನಾಡಿಯ ಶ್ಲೋಕಗಳನ್ನು ಬಾಯಿಪಾಠ ಮಾಡುತ್ತಿದ್ದರು. ಭವದತ್ತನೊಬ್ಬ ಮಾಡುತ್ತಿರಲಿಲ್ಲ. ಶ್ಲೋಕ ಬಲ್ಲವರ ರೋಗಿಗಳೂ ಸಾಯುವುದನ್ನು ಅವನು ನೋಡಿದ್ದ.

ಅವನು ಒಂದು ಶರೀರವನ್ನೇ ಕಟ್ಟಿದ. ತೊಗಲಿನ ಚೀಲ ಹೃದಯ. ಬಿದಿರಿನ ಕೊಳವೆಗಳು ರಕ್ತನಾಳ. ಮೇಲೆ ಕಟ್ಟಿದ ಕುಡಿಕೆ ತಲೆ. ಕಮ್ಮಾರನಿಂದ ಬೇಡಿ ತಂದ ತಿದಿ ಶ್ವಾಸಕೋಶ. ಚೀಲ ಅದುಮಿದರೆ ನೀರು ಕುಡಿಕೆಗೆ ಏರಿ, ಸುತ್ತಿ, ಚೀಲಕ್ಕೇ ಮರಳುತ್ತಿತ್ತು.

"ಇದಕ್ಕೆ ಶ್ಲೋಕ ಬೇಕಿಲ್ಲ," ಎಂದ ಭವದತ್ತ.

"ಊಟವೂ ಬೇಕಿಲ್ಲ. ಒಳ್ಳೆಯ ಶಿಷ್ಯ," ಎಂದರು ಗುರುಗಳು.

ಒಂದು ಬೆಳಿಗ್ಗೆ ಅಂಬಿಗ ಕೆಂಚನನ್ನು ಹೊತ್ತು ತಂದರು. ದೋಣಿಯ ಮುರಿದ ಹಲಗೆ ತೊಡೆಗೆ ಹೊಕ್ಕಿತ್ತು. ಗುರುಗಳು ಗಾಯವನ್ನು ಬಿಗಿದು ಕಟ್ಟಿದರು. ರಕ್ತ ನಿಂತಿತು. ನಾಡಿ ಮಾತ್ರ ಓಡುತ್ತಲೇ ಇತ್ತು, ಉಸಿರೂ ಅದರ ಹಿಂದೆ.

"ಉಳ್ಕೋತಾನಾ ಸ್ವಾಮಿ?" ಎಂದಳು ಕೆಂಚನ ಹೆಂಡತಿ.

"ನಾಡಿ ತಗ್ಗಿಸುವ ಬೇರು ತೇಯ್ದು ಕೊಟ್ಟರೆ ಉಳಿಯುತ್ತಾನೆ," ಎಂದ ಭವದತ್ತ. "ಹೀಗೇ ಬಡಿದರೆ ಹೃದಯ ಹರಿದುಹೋಗುತ್ತದೆ. ನನ್ನ ಚೀಲ ಹಾಗೇ ಹರಿದಿತ್ತು."

"ಮೊದಲು ನಿನ್ನ ಚೀಲಕ್ಕೇ ಮದ್ದು ಮಾಡೋಣ," ಎಂದರು ಗುರುಗಳು. "ಅದುಮು. ಕುಡಿಕೆ ಬರಿದಾಗಬಾರದು, ಅಷ್ಟು ನೋಡಿಕೋ."

ಅವರು ಒಂದು ಕೊಳವೆಯನ್ನು ಕೊಯ್ದು, ಅರ್ಧ ನೀರು ಸುರಿದುಹೋದ ಮೇಲೆ ಬಟ್ಟೆ ತುರುಕಿದರು.

ಭವದತ್ತ ಬೇಗ ಬೇಗ ಅದುಮಿದ. ಬೆವರಿದ. ಏದುಸಿರು ಬಂತು.

ಗುರುಗಳು ಅವನ ಕೈ ತಡೆದರು. "ನಿಧಾನ."

"ಬಿಡಿ ಗುರುಗಳೇ, ಕುಡಿಕೆ ಬರಿದಾಗುತ್ತದೆ."

"ಚೀಲ ಹರಿದೀತು."

"ನೀರೇ ಕಡಿಮೆಯಾಗಿದೆ, ಅದಕ್ಕೇ ನಾನು..."

ಅವನು ಮಾತು ನಿಲ್ಲಿಸಿ ಕೆಂಚನ ಕಡೆ ನೋಡಿದ.

ಬೇರು ತೇಯಲಿಲ್ಲ. ಕೆಂಚನ ಕಾಲುಗಳನ್ನು ಎತ್ತಿ ದಿಂಬಿನ ಮೇಲಿಟ್ಟ. ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದ.

"ಆ ಚೀಲಕ್ಕೂ ಒಂದು ಗುಟುಕು ಹಾಕಿ ಸ್ವಾಮಿ," ಎಂದ ಕೆಂಚ, ಕಣ್ಣು ತೆರೆಯದೆ.

"ಸುಮ್ನೆ ಕುಡಿ," ಎಂದು ಹೆಂಡತಿ ಗದರಿದಳು.

ಬಿಸಿಲೇರುವ ಹೊತ್ತಿಗೆ ನಾಡಿ ತಾನಾಗಿ ತಗ್ಗಿತು. ಭವದತ್ತ ಕೆಂಚನ ಮಣಿಕಟ್ಟು ಬಿಡಲಿಲ್ಲ.

"ಗುರುಗಳೇ, ಅಲ್ಲಿ ಚೀಲ ಅದುಮಿದ್ದು ನಾನು. ನೀರು ಸಾಲದೆಂದು ಕಂಡು ಕೈ ಚುರುಕು ಮಾಡಿದ್ದೂ ನಾನು. ಇವನೊಳಗೆ ಅದನ್ನು ಕಂಡವರು ಯಾರು?"

"ನನಗೆ ಗೊತ್ತಿಲ್ಲ."

"ಶ್ಲೋಕದಲ್ಲಿ ಇದೆಯೇ?"

"ಹೆಸರಿದೆ. ಹೆಸರಿಟ್ಟವರಿಗೂ ಗೊತ್ತಿರಲಿಲ್ಲ."

"ಹಾಗಾದರೆ ನಾನು ಹುಡುಕುತ್ತೇನೆ."

"ಹುಡುಕು. ಆದರೆ ಒಳಗಿರುವ ಅವನು ಕೆಲಸದಲ್ಲಿರುವಾಗ ಅವನ ಕೈ ತಡೆಯಬೇಡ."