ಬೇಲಿಯಾಚೆಯ ಹೆಪ್ಪು

"ಪಡುವಲ ಸೀಮೆಯವರೆಲ್ಲ ಕೇಳಿ. ಅರಸುಮಗಳು ಮಲ್ಲಾಜಿಯಮ್ಮನವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನು ಅವರ ಕೈ ಹಿಡಿಯುತ್ತಾನೆ, ಬೇಡಿದ್ದು ಪಡೆಯುತ್ತಾನೆ. ತಪ್ಪಿದವನ ತಲೆ ಕೋಟೆಬಾಗಿಲಿನ ಗೂಟಕ್ಕೆ."

ಹೀಗೆ ಡಂಗುರ ಸಾರಿದ ದಿನ ಸಂಕಕುದುರು ಎಂಬ ನಡುಗಡ್ಡೆಯಲ್ಲಿ ನಾನೂ ಇದ್ದೆ. ಆ ಸದ್ದಿಗೆ ಸಮುದ್ರವೇ ಒಂದು ಮಾರು ಹಿಂದೆ ಸರಿಯಿತು. ಸುಳ್ಳು ಅನ್ನುವವರು ಬಂದು ನನ್ನ ಮೀಸೆ ಬೋಳಿಸಿ. ಕತ್ತಿ ಮಾತ್ರ ನೀವೇ ತನ್ನಿ, ನಮ್ಮೂರಿನ ಕತ್ತಿಗಳೆಲ್ಲ ಈ ಮೀಸೆಗೆ ಸೋತು ಮೊಂಡಾಗಿವೆ.

ಅಲ್ಲಿಯ ಹಳೆಯ ಅರಸ ಸತ್ತಾಗ ಮಕ್ಕಳಿಬ್ಬರು ನೆಲ ಹಂಚಿಕೊಂಡರು. ಗೆರೆ ಎಳೆದವನು ಹಿರಿಯ ದುಗ್ಗರಸ. ಹಡಗುಕಟ್ಟೆ, ಗದ್ದೆಬಯಲು, ಹುಲ್ಲುಗಾವಲು ಎಲ್ಲ ತನ್ನ ಪಡುವಲಿಗೇ ಬೀಳುವ ಹಾಗೆ ಗೆರೆ ಹಾವಿನಂತೆ ಹೊರಳಿತು. ತಮ್ಮನ ಮೂಡಲಿಗೆ ಬರೀ ಗುಡ್ಡ ಮತ್ತು ಮೆಣಸಿನ ಬಳ್ಳಿ. ಗೆರೆಯ ಮೇಲೆ ಮುಳ್ಳುಬೇಲಿ ಎದ್ದಿತು. ಮೂಡಲ ಮೆಣಸು ನುಚ್ಚಕ್ಕಿಗೆ ಬದಲಾಗಿ ಅರಸನ ಬಾಗಿಲಿಗೆ ಬರಬಹುದು, ಮನುಷ್ಯರು ನುಸುಳಿದರೆ ತಲೆ ಹೋಗುತ್ತದೆ, ಈಚೆಯಿಂದ ಆಚೆಗೆ ಒಂದು ಚಿಪ್ಪು ಹಾಲೂ ದಾಟಕೂಡದು.

ಬೇಲಿ ಬರುವ ಮೊದಲು ಪಡುವಲ ಹೆಂಗಸರು ತಮ್ಮ ಮನೆಯ ಹೆಪ್ಪು ತಾವು ಹಾಕುತ್ತಿರಲಿಲ್ಲ. ಗುಡ್ಡದ ಮನೆಗಳಿಗೆ ಹೋಗಿ ಒಂದು ಚೊಂಬು ಹಾಲು ಕೊಟ್ಟು, ಒಂದು ಚಮಚ ಹೆಪ್ಪು ತರುವುದು ಅಲ್ಲಿಯ ಕ್ರಮ. ಬೇಲಿ ಎದ್ದ ಮೇಲೆ ಪಡುವಲಲ್ಲಿ ಹಾಲು ಹೆಪ್ಪುಗಟ್ಟುವುದೇ ನಿಂತಿತು. ನಿಂಬೆ ಹಿಂಡಿದರು, ಮೆಣಸಿನಕಾಯಿ ತೊಟ್ಟು ಹಾಕಿದರು, ಹಾಲು ಒಡೆಯಿತೇ ಹೊರತು ಮೊಸರಾಗಲಿಲ್ಲ. ಹಾಲು ಸುರಿದ ಹೊಳೆಯಲ್ಲಿ ಮೀನುಗಳಿಗೆ ಬೊಜ್ಜು ಬಂತು, ಒಂದು ಮೀನನ್ನು ನಾನೇ ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದೇನೆ.

ಅರಮನೆಯ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದವನು ಬಚ್ಚ. ಮೂಡಲವನು, ಹೊಟ್ಟೆಪಾಡಿಗೆ ಬೇಲಿ ನುಸುಳಿ ಬಂದು ಪಡುವಲವನೇ ಎಂದು ಹೇಳಿಕೊಂಡಿದ್ದ. ಒಮ್ಮೆ ಬೇಲಿಯ ಹತ್ತಿರ ದನ ಮೇಯಿಸಿ ತಂಬಿಗೆಗೆ ಹಾಲು ಕರೆಯುವಾಗ ಮುಳ್ಳಿನ ಸಂದಿಯಿಂದ ತಂಗಿ ದಾರು ಕರೆದಳು. "ಅಣ್ಣಾ, ಕೂಸು ಹಾಲಿಗೆ ಅಳ್ತಾ ಇದೆ. ಒಂದು ಚಿಪ್ಪು ಹಾಕು."

ಪಕ್ಕದಲ್ಲಿದ್ದ ಹಟ್ಟಿಯ ಮೇಸ್ತ್ರಿ ಕೇಳಿದ, "ಯಾರೋ ಅವಳು?"

"ಗೊತ್ತಿಲ್ಲ ಒಡೆಯಾ," ಅಂದ ಬಚ್ಚ.

ಆ ಮಾತಿನ ಮೇಲೆ ಅವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಡಂಗುರ ಕೇಳಿದಾಗ ಅವನಿಗೆ ಅರಸುಮಗಳು ನೆನಪಾಗಲಿಲ್ಲ, "ಬೇಡಿದ್ದು" ಎಂಬ ಒಂದು ಮಾತು ಕಿವಿಯಲ್ಲಿ ಉಳಿಯಿತು.

ಒಡ್ಡೋಲಗದಲ್ಲಿ ಮಲ್ಲಾಜಿ ಮೂರು ಒಗಟನ್ನೂ ಹೇಳಿದಳು. "ಬೇರು ಒಬ್ಬರ ಅಂಗಳದಲ್ಲಿ, ಹಣ್ಣು ಇನ್ನೊಬ್ಬರ ಮಡಿಲಲ್ಲಿ, ಅದು ಏನು? ಕೊಟ್ಟರೆ ಬೆಳೆಯುತ್ತದೆ, ಮುಚ್ಚಿಟ್ಟರೆ ಕೆಡುತ್ತದೆ, ಅದು ಏನು? ನಾಲ್ಕು ಮೂಲೆಗೆ ಕಾವಲಿದ್ದರೂ ಹೊಟ್ಟೆ ತುಂಬಿದವರ ನಿದ್ದೆ ಕದ್ದವನು ಯಾರು? ಯಾವುದರಿಂದ ಬೇಕಾದರೂ ಶುರುಮಾಡಿ."

ಹಡಗು ಸಾಹುಕಾರನ ಮಗ ಉಂಗುರ ತಿರುವುತ್ತ ಮೊದಲನೆಯದನ್ನು ಹಿಡಿದ. "ಬೇಲಿ ದಾಟಿ ಬಾಗಿದ ಮಾವಿನ ಮರ." ಮಲ್ಲಾಜಿ ಅಲ್ಲವೆಂದು ತಲೆಯಾಡಿಸಿದಳು. ನೆರೆಸೀಮೆಯ ರಾಜಕುಮಾರ ಎರಡನೆಯದಕ್ಕೆ "ವಿದ್ಯೆ" ಎಂದ. "ಮುಚ್ಚಿಟ್ಟ ವಿದ್ಯೆ ಹುಳಿ ನಾರುತ್ತದೆಯೇ?" ಎಂದಳು. ದಳವಾಯಿ ಎದೆ ಸೆಟೆಸಿ, "ನಿದ್ದೆಗಳ್ಳ ಮನ್ಮಥ" ಅಂದ. "ಮನ್ಮಥನಿಗೆ ನನ್ನ ಮೇಲೆ ಅಷ್ಟು ಸಿಟ್ಟಿಲ್ಲ ದಳವಾಯಿಗಳೇ," ಎಂದಳು ಆಕೆ. ಮೂವರನ್ನೂ ಕತ್ತಲಕೋಣೆಗೆ ಒಯ್ದರು. ಅರಸ ದುಗ್ಗರಸನಿಗೆ ಉಸಿರು ಬಂತು. ತಲೆದಂಡದ ಶರತ್ತು ಅವನದೇ, ಈ ಒಗಟುಗಳನ್ನು ಯಾರೂ ಬಿಡಿಸದಿರಲಿ ಎಂದೇ ಹಾಕಿದ್ದು.

ಆಗ ಸಗಣಿ ಮೆತ್ತಿದ ಕಾಲಿನಲ್ಲಿ ಬಚ್ಚ ಮುಂದೆ ಬಂದ. ಕಂಬಕ್ಕೆ ಒರಗಿದ್ದ ನಾನು, "ತಮ್ಮಾ, ತಲೆ ಭಾರವಾಯ್ತಾ?" ಅಂದೆ.

"ಮೊದಲನೆಯದು ಮೆಣಸು, ಅಮ್ಮಾ. ಬಳ್ಳಿ ಬೆಳೆಸುವವರು ಮೂಡಲವರು, ಹಡಗಿಗೆ ಮಾರುವವರು ಪಡುವಲವರು. ಬೆಳೆಸಿದವರ ಒಲೆಯ ಮೇಲೆ ನುಚ್ಚಿನ ಗಂಜಿ."

ದುಗ್ಗರಸ ಪೀಠದ ತುದಿಗೆ ಸರಿದ.

"ಎರಡನೆಯದು ಹೆಪ್ಪು. ಕೇಳಿದವರಿಗೆ ಕೊಟ್ಟರೆ ಊರೆಲ್ಲ ಮೊಸರಾಗುತ್ತದೆ. ಈಗ ಹಾಲಿರುವವರಿಗೆ ಹೆಪ್ಪಿಲ್ಲ, ಹೆಪ್ಪಿರುವವರಿಗೆ ಹಾಲಿಲ್ಲ."

ಮೂರನೆಯದಕ್ಕೆ ಅವನ ಬಾಯಿ ಕಟ್ಟಿತು. ಉತ್ತರ ಗೊತ್ತಿಲ್ಲದೆ ಅಲ್ಲ. ಹೇಳಿದರೆ ತಾನು ಬೇಲಿ ನುಸುಳಿದವನೆಂದು ಬಯಲಾಗುತ್ತದೆ, ಅದಕ್ಕೂ ತಲೆಯೇ. ಸುಮ್ಮನಿದ್ದರೂ ತಲೆಯೇ. ಹಾಗೆ ನಿಂತವನ ಬೆವರು ಹರಿದು ನನ್ನ ಚಪ್ಪಲಿ ತೇಲಿಹೋಯಿತು.

"ಕಳ್ಳ ನಮ್ಮ ನಾಲಿಗೆಯೇ," ಎಂದ ಕೊನೆಗೆ. "ಗುರುತಿದ್ದವರನ್ನು ಗೊತ್ತಿಲ್ಲ ಎಂದ ನಾಲಿಗೆ. ನಾನು ಮೂಡಲವನು. ಬೇಲಿಯಾಚೆ ನನ್ನ ತಂಗಿ ಅಣ್ಣಾ ಎಂದಳು. ಕೈಯಲ್ಲಿ ಹಾಲಿನ ತಂಬಿಗೆ ಇತ್ತು. ಗೊತ್ತಿಲ್ಲ ಎಂದೆ."

ದುಗ್ಗರಸ ಎದ್ದು ನಿಂತ. "ನುಸುಳಿದವನು. ಹಿಡಿಯಿರಿ."

"ಉತ್ತರ ಸರಿಯಾಗಿದೆ, ಅಪ್ಪಾಜಿ," ಎಂದಳು ಮಲ್ಲಾಜಿ. ಅವಳ ದನಿ ಸಣ್ಣದಾಗಿತ್ತು. "ಚಿಕ್ಕಪ್ಪನ ಮಗಳು ಬೇಲಿಯಾಚೆಯಿಂದ ಅಕ್ಕಾ ಎಂದು ಕೂಗಿದಾಗ ನಾನು ಪಲ್ಲಕ್ಕಿಯ ಪರದೆ ಎಳೆದುಕೊಂಡೆ. ಅಂದಿನಿಂದ ನಿದ್ದೆಯಿಲ್ಲ. ನಿಮಗೆ ಬರುತ್ತದೆಯೇ?"

ಅರಸ ಗೆರೆ ಎಳೆದ ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಬಚ್ಚನಿಗೆ, "ಏನು ಬೇಕು, ಕೇಳು," ಎಂದ.

"ಬೇಲಿಗೆ ಒಂದು ಬಾಗಿಲು. ಹಾಲಿಗೂ ಮೆಣಸಿಗೂ ಹಡಗುಕಟ್ಟೆಯ ತನಕ ದಾರಿ. ಕೋಣೆಯಲ್ಲಿರುವ ಮೂವರಿಗೆ ಅವರ ತಲೆ."

ಎಲ್ಲವೂ ಆಯಿತು. ಮದುವೆಯೂ ಆಯಿತು. ಅದರ ಊಟದಲ್ಲಿ ನಾನು ತಿಂದ ಹೋಳಿಗೆಯ ರಾಶಿಯ ಹಿಂದೆ ಸೂರ್ಯ ಮುಳುಗಿದ್ದು ಯಾರಿಗೂ ಕಾಣಲಿಲ್ಲ.

ಅದಕ್ಕೆ ಮೊದಲು ಬಚ್ಚ ಹಾಲಿನ ಚೊಂಬು ಹಿಡಿದು ಗುಡ್ಡ ಹತ್ತಿದ. ದಾರು ಬಾಗಿಲಲ್ಲಿ ನಿಂತಿದ್ದಳು, ಸೊಂಟದಲ್ಲಿ ಕೂಸು.

"ದಾರೂ," ಎಂದ.

"ಯಾರೋ ಗೊತ್ತಾಗಲಿಲ್ಲ," ಎಂದಳು ಅವಳು.

ಅವನು ಚೊಂಬನ್ನು ಹೊಸ್ತಿಲ ಮೇಲಿಟ್ಟು ತಲೆ ತಗ್ಗಿಸಿ ತಿರುಗಿದ. ಅವಳು ಒಳಗೆ ಹೋಗಿ ತೆಂಗಿನ ಚಿಪ್ಪಿನಲ್ಲಿ ಒಂದು ಚಮಚ ಹೆಪ್ಪು ತಂದು ಅವನ ಕೈಗಿಟ್ಟಳು. ಮೇಕೆಯ ನಾಲ್ಕು ಹನಿ ಹಾಲಿನಲ್ಲಿ ಇಷ್ಟು ದಿನ ಜೀವ ಹಿಡಿಸಿಟ್ಟದ್ದು.

"ತಗೋ. ನೆರೆಯವರು ಬಾಗಿಲಿಗೆ ಬಂದರೆ ಇಲ್ಲ ಅನ್ನೋ ರೂಢಿ ನಮ್ಮಲ್ಲಿಲ್ಲ."

ಆ ರಾತ್ರಿಯ ಹಾಲು ಎಂಥ ಗಟ್ಟಿ ಮೊಸರಾಯಿತೆಂದರೆ ಅರಮನೆಯ ಆನೆ ಅದರ ಮೇಲೆ ನಡೆದುಹೋಯಿತು. ಅರಸನ ಅಳಿಯ ಮಾತ್ರ ದಿನಾ ತಾನೇ ಚೊಂಬು ಹಿಡಿದು ಗುಡ್ಡ ಹತ್ತುತ್ತಿದ್ದ, ಹೆಪ್ಪಿಗೆಂದು. ನೆರೆಯವನು ಅಣ್ಣನಾಗಲು ಇನ್ನೆಷ್ಟು ಚೊಂಬು ಹಾಲು ಬೇಕೋ, ಅದು ಬಲ್ಲವಳು ದಾರು ಒಬ್ಬಳೇ.