ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಶಿವನ ದಯೆಯಿಂದ, ಹೊಳೆದಂಡೆಯ ಆ ಮಠದಲ್ಲಿ ಸೋಮವಾರದ ನೇಮ ಒಂದು ವಾರವೂ ತಪ್ಪಿದ್ದಿಲ್ಲ.

ಬೆಳಗ್ಗೆ ಹೊಳೆಯಿಂದ ಒಂದು ತಾಮ್ರದ ತಂಬಿಗೆ ನೀರು ತರಬೇಕು. ಅಂಚು ಮುಟ್ಟುವಂತೆ ತುಂಬಬೇಕು, ಮುಚ್ಚಳ ಹಾಕಬಾರದು. ಗುರುಗಳು ಅದನ್ನು ಬೆಟ್ಟದ ಮೇಲಿನ ಶಿವನಿಗೆ ಒಯ್ದು ಅಭಿಷೇಕ ಮಾಡುತ್ತಾರೆ. ಹಿಂದಿನವರು ನಡೆದೇ ಹತ್ತುತ್ತಿದ್ದರು. ಈಗಿನ ಗುರುಗಳಿಗೆ ಮಂಡಿನೋವು. ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮಠದ ಜೀಪಿನಲ್ಲಿ ಹೋಗುತ್ತಿದ್ದರು.

ಜೀಪು ಓಡಿಸುತ್ತಿದ್ದವನು ಶಿಷ್ಯ ಮರುಳಯ್ಯ. ಹನ್ನೊಂದು ವರ್ಷ ಓಡಿಸಿದ್ದ, ಹನಿ ನೀರು ಚೆಲ್ಲಿರಲಿಲ್ಲ. ಆ ಒಂದು ಗಂಟೆ ಗುರುಗಳ ಸನಿಹದಲ್ಲಿ ಅವನೊಬ್ಬನೇ. ಅವನ ಪೂಜೆ, ಅವನ ಪುಣ್ಯ ಎಲ್ಲ ಅದೇ ಆಗಿತ್ತು.

ಜೀಪಿಗೆ ವಯಸ್ಸಾಯಿತು. ಭಕ್ತರೊಬ್ಬರು ಹೊಸ ಕಾರು ತಂದು ನಿಲ್ಲಿಸಿ ಕೈಮುಗಿದರು. ಆಟೋಮ್ಯಾಟಿಕ್ ಕಾರು. ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಅಂಥ ಗಾಡಿಯ ಅಭ್ಯಾಸ ಇದ್ದದ್ದು, ಮಠ ಸೇರಿ ಆರು ತಿಂಗಳಾಗಿದ್ದ ಕೆಂಡಗಣ್ಣನಿಗೆ ಮಾತ್ರ. ಮೊದಲ ಸೋಮವಾರ ಅವನೇ ಓಡಿಸಿದ.

ಮಠಕ್ಕೆ ಮರಳಿ ಕಾರಿನಿಂದ ಇಳಿಯುವಾಗ ಗುರುಗಳು ಅಂದರು, "ಇವತ್ತು ದಾರಿ ಸಾಗಿದ್ದೇ ತಿಳೀಲಿಲ್ಲ."

ಬಾಗಿಲು ಹಿಡಿದು ನಿಂತಿದ್ದ ಮರುಳಯ್ಯನ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಹನ್ನೊಂದು ವರ್ಷದಲ್ಲಿ ತನಗೆ ಇಂಥದೊಂದು ಮಾತು ಬಂದಿರಲಿಲ್ಲ.

ಅಂದು ದಾಸೋಹದ ಪಂಕ್ತಿಯಿಂದ ಅರ್ಧಕ್ಕೇ ಎದ್ದ. ಜಪಕ್ಕೆ ಕೂತು ಕಣ್ಣು ಮುಚ್ಚಿದರೆ ಕೆಂಡಗಣ್ಣನ ಮುಖ. ತಡೆಯಲಾರದೆ ಎದ್ದು, ಅವನು ಕಾರು ಒರೆಸುತ್ತಿದ್ದಲ್ಲಿಗೆ ಹೋದ.

"ಏನಯ್ಯಾ, ಒರೆಸ್ತಾನೇ ಇದ್ದೀಯ? ಓಡಿಸೋ ಕೆಲಸ ಇಲ್ಲವಲ್ಲ, ಅದಕ್ಕಾ?"

"ಹಂಗಂದ್ರೆ ಏನಣ್ಣಾ?"

"ಗಾಡಿ ತಾನೇ ಓಡುತ್ತೆ. ನೀನು ಬೊಂಬೆ ಥರ ಸ್ಟೇರಿಂಗ್ ಹಿಡ್ಕೊಂಡು ಕೂರ್ತೀಯ. ಬೊಂಬೆಗೂ ಹೊಗಳಿಕೆ!"

ಕೆಂಡಗಣ್ಣ ನಕ್ಕ. "ಬೇಕಾದ್ರೆ ಕೈಯಲ್ಲೂ ಗೇರು ಹಾಕಬಹುದು ಅಣ್ಣ. ಈ ಗೇರ್ ಕೋಲು ಪಕ್ಕಕ್ಕೆ ತಂದ್ರೆ ಆಯ್ತು. ಮುಂದಕ್ಕೆ ತಳ್ಳಿದ್ರೆ ಏರುತ್ತೆ, ಹಿಂದಕ್ಕೆ ಎಳೆದ್ರೆ ಇಳಿಯುತ್ತೆ."

ಮರುಳಯ್ಯನ ಕಣ್ಣು ಅರಳಿತು. ಹಾಗಾದರೆ ಇದರಲ್ಲೂ ಕೈಚಳಕಕ್ಕೆ ಜಾಗ ಉಂಟು!

ನೇರ ಗುರುಗಳ ಬಳಿ ಹೋಗಿ ಅಡ್ಡಬಿದ್ದ.

"ಬುದ್ಧಿ, ಬರೋ ಸೋಮವಾರ ನಾನು ಓಡಿಸ್ಲಾ?"

"ಓಡಿಸಪ್ಪ."

"ಕೈಯಲ್ಲೇ ಗೇರು ಹಾಕ್ತೀನಿ ಬುದ್ಧಿ. ಗಾಡಿಯ ಇಷ್ಟಕ್ಕೆ ಬಿಡಲ್ಲ."

"ಯಾರಿಗೆ ತೋರಿಸೋಕೆ?"

ಮರುಳಯ್ಯ ಅವಸರದಿಂದ ಹೊರಡಲು ಎದ್ದ.

"ಕೆಂಡಗಣ್ಣನೂ ಬರಲಿ," ಎಂದರು ಗುರುಗಳು.

ಸೋಮವಾರ ಬಂತು. ಹಿಂದಿನ ಸೀಟಿನಲ್ಲಿ ತಂಬಿಗೆ ಹಿಡಿದ ಗುರುಗಳು, ಮುಂದೆ ಪಕ್ಕದಲ್ಲಿ ಕೆಂಡಗಣ್ಣ. ಬೆಟ್ಟದ ಬುಡದವರೆಗೆ ಮರುಳಯ್ಯ ಗೇರನ್ನು ಕಾರಿಗೇ ಬಿಟ್ಟ. ಏರು ಶುರುವಾದೊಡನೆ ಕೋಲನ್ನು ಪಕ್ಕಕ್ಕೆ ತಂದ. ಓರೆಗಣ್ಣಿನಿಂದ ಕೆಂಡಗಣ್ಣನನ್ನು ನೋಡಿದ. ನೋಡು ಈಗ, ಎಂಬಂತೆ ಗೇರು ಇಳಿಸಲು ಕೋಲನ್ನು ಹಿಂದಕ್ಕೆ ಎಳೆದ.

ಹನ್ನೊಂದು ವರ್ಷದ ಅಭ್ಯಾಸ. ಕೈ ಗೇರಿಗೆ ಹೋದೊಡನೆ ಎಡಗಾಲು ತಾನಾಗಿ ಎದ್ದು ಕ್ಲಚ್ಚು ತುಳಿಯಿತು. ಅಲ್ಲಿ ಕ್ಲಚ್ಚಿರಲಿಲ್ಲ. ಬ್ರೇಕಿತ್ತು.

ಕಾರು ಮುಗ್ಗರಿಸಿ ನಿಂತಿತು. ತಂಬಿಗೆಯ ನೀರು ಚಿಮ್ಮಿ ಗುರುಗಳ ಕಾವಿಯೆಲ್ಲ ತೊಯ್ದುಹೋಯಿತು.

"ಅಣ್ಣಾ, ಎಡಗಾಲು—"

"ನೀನು ಸುಮ್ನಿರು! ನನಗೆ ಹೇಳಿಕೊಡೋಕೆ ಬರ್ತೀಯಾ?"

ಮತ್ತೆ ಹೊರಟ. ಮತ್ತೆ ಗೇರು, ಮತ್ತೆ ಎಡಗಾಲು, ಮತ್ತೆ ನೀರು. ಗಾಬರಿಯಲ್ಲಿ ಕೋಲನ್ನು ಮತ್ತೂ ಹಿಂದಕ್ಕೆಳೆದರೆ, ಇನ್ನು ಇಳಿಸಲು ಗೇರೇ ಇಲ್ಲವೆಂದು ಕಾರು ಟಿಣ್ ಎಂದು ಸದ್ದು ಮಾಡಿ ಒಲ್ಲೆನೆಂದಿತು.

"ಬದಿಗೆ ನಿಲ್ಲಿಸಪ್ಪ," ಎಂದರು ಗುರುಗಳು.

ನಿಲ್ಲಿಸಿದ. ಬೈಗುಳಕ್ಕೆ ಕಾದ.

"ಈ ಗಾಡಿಗೆ ಎಷ್ಟು ಕಾಲು ಬೇಕು ಮರುಳಯ್ಯ?"

"ಒಂದು ಬುದ್ಧಿ. ಬಲಗಾಲು."

"ಎಡಗಾಲಿಗೇನು ಕೆಲಸ?"

"ಏನೂ ಇಲ್ಲ."

"ಮತ್ಯಾಕೆ ತುಳೀತು?"

"ಇಷ್ಟು ವರ್ಷ ತುಳಿದೂ ತುಳಿದೂ..."

"ತಾನಿಲ್ದೆ ಗಾಡಿ ಹೋಗಲ್ಲ ಅಂದ್ಕೊಂಡಿದೆ, ಪಾಪ. ಅದಕ್ಕೆ ಸುಮ್ನೆ ಕೂರೋದು ಕಲಿಸು."

ಮರುಳಯ್ಯ ಎಡಗಾಲನ್ನು ಮೇಲೆಳೆದು, ಪೂಜೆಗೆ ಕೂತವನಂತೆ ಮಡಚಿಕೊಂಡ. ಅದು ಅಲ್ಲಿಯೂ ಒಮ್ಮೆ ಮಿಡುಕಿತು. ಪಕ್ಕಕ್ಕೆ ತಿರುಗದೆಯೇ ಕೇಳಿದ.

"ಕೆಂಡಗಣ್ಣ, ಏನೋ ಹೇಳೋಕೆ ಬಂದೆಯಲ್ಲ. ಹೇಳು."

"ಗೇರು ಏರಿಸೋ ಮುಂಚೆ ಬಲಗಾಲು ಒಂಚೂರು ಸಡಿಲ ಬಿಡಿ ಅಣ್ಣ. ಎಂಜಿನ್ನಿನ ದನಿ ಕೇಳಿಸ್ಕೊಳ್ಳಿ. ದನಿ ಏರಿದ ಮೇಲೆ ಕೋಲನ್ನ ಮೆಲ್ಲಗೆ ಮುಂದಕ್ಕೆ ತಾಗಿಸಿದ್ರೆ ಸಾಕು, ಜೋರಾಗಿ ತಳ್ಳೋದು ಬೇಡ. ಗೇರು ಹಾಕೋದು ಅದೇ, ನಾವು ಕೇಳ್ಕೋಬೇಕು ಅಷ್ಟೆ."

ಮರುಳಯ್ಯ ಮತ್ತೆ ಕಾರು ಹೊರಡಿಸಿ, ಕೆಂಡಗಣ್ಣನ ಮುಖ ಬಿಟ್ಟು ಎಂಜಿನ್ನಿಗೆ ಕಿವಿಗೊಟ್ಟ. ದನಿ ಏರಿತು. ಬಲಗಾಲು ಸಡಿಲಿಸಿ ಕೋಲನ್ನು ಮೆಲ್ಲಗೆ ತಾಗಿಸಿದ. ಗೇರು ಬಿತ್ತು, ಬಿದ್ದದ್ದು ತಿಳಿಯಲಿಲ್ಲ. ಆಮೇಲೆ ಶಿಖರದವರೆಗೆ ಒಂದು ಹನಿಯೂ ಚೆಲ್ಲಲಿಲ್ಲ.

ಆದರೆ ತಂಬಿಗೆಯಲ್ಲಿ ಉಳಿದದ್ದು ಅರ್ಧ. ಗುರುಗಳು ಮಂತ್ರ ಹೇಳುತ್ತ ಲಿಂಗದ ಮೇಲೆ ನೀರೆರೆದರು. ಮಂತ್ರ ಮುಗಿಯುವ ಮೊದಲೇ ಧಾರೆ ನಿಂತುಹೋಯಿತು. ಉಳಿದ ಮಂತ್ರವನ್ನು ಗುರುಗಳು ಬರಿಯ ತಂಬಿಗೆ ಹಿಡಿದೇ ಹೇಳಿ ಮುಗಿಸಿದರು.

ಗುಡಿಯ ಹೊರಗೆ ಬಂದು ಮರುಳಯ್ಯ ಕಾರಿನ ಕೀಲಿಯನ್ನು ಗುರುಗಳ ಪಾದದ ಬಳಿ ಇಟ್ಟ.

"ಕೆಂಡಗಣ್ಣನಿಗೇ ಕೊಡಿ ಬುದ್ಧಿ. ನಾನು ಇನ್ನು ಈ ಗಾಡಿ ಮುಟ್ಟಲ್ಲ."

"ಕೊನೆಗೆ ಚೆನ್ನಾಗೇ ಓಡಿಸಿದೆಯಲ್ಲ?"

"ಓಡಿಸೋದಲ್ಲ ಬುದ್ಧಿ... ಕಳೆದ ಸೋಮವಾರ ಇವನು ಓಡಿಸ್ಕೊಂಡು ಹೊರಟಾಗ, ನೀರು ಚೆಲ್ಲಿಹೋಗಲಿ ಅಂತ ಬೇಡ್ಕೊಂಡೆ. ಇವನಿಗೆ ಅವಮಾನ ಆಗಲಿ ಅಂತ."

"ಯಾರನ್ನ ಬೇಡ್ಕೊಂಡೆ?"

"ಶಿವನನ್ನ."

"ಅವನ ಅಭಿಷೇಕದ ನೀರು ಚೆಲ್ಲಲಿ ಅಂತ ಅವನನ್ನೇ?"

ಕೆಂಡಗಣ್ಣ ಫಕ್ಕನೆ ನಕ್ಕುಬಿಟ್ಟ. ಕಣ್ಣಲ್ಲಿ ನೀರಿದ್ದ ಮರುಳಯ್ಯನಿಗೂ ನಗು ತಡೆಯಲಾಗಲಿಲ್ಲ.

ಗುರುಗಳು ನಗಲಿಲ್ಲ. ಬಗ್ಗಿ ಕೀಲಿ ಎತ್ತಿಕೊಂಡು ಮರುಳಯ್ಯನ ಅಂಗೈಯಲ್ಲಿಟ್ಟು, ಅವನ ಬೆರಳು ಮಡಚಿದರು. ಆಮೇಲೆ ಕಾವಿಯ ಸೆರಗು ಹಿಂಡುತ್ತ ಅಂದರು:

"ಇಳಿಯೋವಾಗಲೂ ನೀನೇ ಓಡಿಸು. ಆದ್ರೆ ಒಂದು ನೋಡ್ಕೋ ಮರುಳಯ್ಯ. ನೀನು ಕೇಡು ಬೇಡಿದ್ದು ಕೆಂಡಗಣ್ಣನಿಗೆ. ಒದ್ದೆಯಾದದ್ದು ನಮ್ಮ ಮಡಿಲು."