ಅಜ್ಜನವರ ಕಟ್ಟೆಗೆ ಬಂದ ಆಡು

ಪರಮಪೂಜ್ಯ ಶ್ರೀ ಮರುಳಯ್ಯ ಅಜ್ಜನವರು ಹುಣಸೆಕಟ್ಟಿಯಲ್ಲಿ ನೆಲೆಸಿದ್ದ ಕಾಲದಲ್ಲಿ ಅವರಿಗೆ ಮಠವೆಂದು ಇದ್ದದ್ದು ಮಣ್ಣಿನ ಗೋಡೆಯ ಎರಡು ಅಂಕಣದ ಮನೆ, ಅದರ ಮುಂದೊಂದು ಕಲ್ಲುಕಟ್ಟೆ, ಅಷ್ಟೇ. ಪಲ್ಲಕ್ಕಿಯಿರಲಿಲ್ಲ, ಹಿಂದೆ ಮುಂದೆ ಓಡಾಡುವ ಶಿಷ್ಯಬಳಗವೂ ಇರಲಿಲ್ಲ. ಬೆಳಗಿನ ಶಿವಪೂಜೆ ಮುಗಿಸಿದ ಮೇಲೆ ಅವರು ಕಟ್ಟೆಯ ಮೇಲೆ ಕುಳಿತು ದಾಸೋಹದ ಜೋಳವನ್ನು ತಾವೇ ಹಸನು ಮಾಡುತ್ತಿದ್ದರು. ಬಂದವರು ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರೆ ಮೊರದೊಳಗಿನ ಕಲ್ಲು ಹೆಕ್ಕುತ್ತ ಕೇಳುತ್ತಿದ್ದರು. ಮಾತು ಬಹಳ ಕಡಿಮೆ.

ಬೇಡಿ ಬಂದವರಿಗೆ ಕರಿ ಉಣ್ಣೆಯ ದಾರ ಹೊಸೆದು, ವಿಭೂತಿ ಹಚ್ಚಿ ಕಟ್ಟಿ ಕಳಿಸುವುದು ಅಲ್ಲಿಯ ರೂಢಿ. ಅಜ್ಜನವರ ದಾರಕ್ಕೆ ಕತ್ತರಿ ತಾಗಿಸಬಾರದು, ಅದು ತಾನಾಗಿಯೇ ಹರಿದು ಬೀಳಬೇಕು ಎಂದು ಸುತ್ತಲಿನ ಊರವರು ನಂಬಿದ್ದರು. ಹಾಗೆಂದು ಅಜ್ಜನವರು ಯಾವತ್ತೂ ಹೇಳಿರಲಿಲ್ಲ. ಭಕ್ತರೇ ಹುಟ್ಟಿಸಿ, ಭಕ್ತರೇ ಬೆಳೆಸಿದ ಕಟ್ಟಳೆ ಅದು.

ಬಳೆಗಾರ ಕೊಟ್ರಪ್ಪನಿಗೆ ಮಾತ್ರ ಈ ದಾರದ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡು ಹತ್ತೂರು ಸುತ್ತಿದವನು, ಹತ್ತು ಮಠದ ಸ್ವಾಮಿಗಳನ್ನು ಕಂಡವನು. "ದಾರಕ್ಕ ಜೀವ ಉಳಿಸೋ ಶಕ್ತಿ ಇದ್ದಿದ್ರ ನೇಕಾರರ ಮನ್ಯಾಗ ಯಾರೂ ಸಾಯ್ತಿರಲಿಲ್ಲ" ಎಂದು ಹೋದ ಹೋದಲ್ಲಿ ನಗೆಯಾಡುತ್ತಿದ್ದ. ಅವನ ಹೆಂಡತಿ ಹಾಲವ್ವ ಅಜ್ಜನವರ ಪರಮಭಕ್ತೆ. ಹೀಗಾಗಿ ಆ ಮನೆಯಲ್ಲಿ ಒಲೆಯ ಮೇಲೆ ಗಂಜಿ ಇರಲಿ ಬಿಡಲಿ, ಈ ಜಗಳವಂತೂ ಸದಾ ಕುದಿಯುತ್ತಿತ್ತು.

ಇಬ್ಬರಿಗೂ ಮಕ್ಕಳಿರಲಿಲ್ಲ. ಇದ್ದದ್ದು ಚುಕ್ಕಿ ಎಂಬ ಒಂದು ಆಡು. ಮೈಯೆಲ್ಲ ಕಪ್ಪು, ಹಣೆಯ ಮೇಲೊಂದು ಬಿಳಿ ಬೊಟ್ಟು. ಅದು ಹುಟ್ಟಿದಾಗಲೇ ತಾಯಿ ಸತ್ತಿತ್ತು. ಹಾಲವ್ವ ಹಾಲಿನಲ್ಲಿ ಅರಿವೆಯ ಬತ್ತಿ ಅದ್ದಿ, ಮರಿಯ ಬಾಯಿಗಿಟ್ಟು, ಅದು ಚೀಪುವವರೆಗೆ ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಬದುಕುತ್ತದೋ ಇಲ್ಲವೋ ಎಂಬ ಹೊಯ್ದಾಟದಲ್ಲಿ ಅಜ್ಜನವರ ಹತ್ತಿರ ಒಯ್ದು ಕೊರಳಿಗೊಂದು ದಾರ ಕಟ್ಟಿಸಿಕೊಂಡು ಬಂದಳು. ಮರಿ ಬದುಕಿತು. ಅಂದಿನಿಂದ ಚುಕ್ಕಿಯ ಜೀವ ಆ ದಾರದಲ್ಲೇ ಇದೆಯೆಂದು ಹಾಲವ್ವನ ನಂಬಿಕೆ. ಮೈತೊಳೆಯುವಾಗಲೂ ಮೈಲಿಗೆಯಾದೀತೆಂದು ಕೊರಳ ಸುತ್ತ ಕೈ ಹಾಕುತ್ತಿರಲಿಲ್ಲ. ದಾರಕ್ಕೆ ಕೈ ತಾಗದಂತೆ ಅದರ ಮೇಲೆ ಕವಡೆಯ ಸಡಿಲ ಪಟ್ಟಿಯೊಂದನ್ನು ಚಂದವಾಗಿ ಕಟ್ಟಿದ್ದಳು.

ಮರುವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಚುಕ್ಕಿ ಮೇವು ಬಿಡತೊಡಗಿತು. ಹಾಲವ್ವ ಅಗಸೆಸೊಪ್ಪು ತಂದಳು, ಬನ್ನಿಸೊಪ್ಪು ತಂದಳು, ಆಡುಗಳು ಬಿದ್ದು ಬಿದ್ದು ತಿನ್ನುವ ಜಾಲಿಕಾಯಿಯನ್ನು ಹೊಲದ ಬದುಗಳಿಗೆಲ್ಲ ತಿರುಗಿ ಆರಿಸಿ ತಂದಳು. ಚುಕ್ಕಿ ಆಸೆಯಿಂದಲೇ ಬಾಯಿ ಹಾಕುವುದು, ಎರಡು ಸಲ ಅಗಿಯುವುದು, ಆಮೇಲೆ ಕೊರಳು ಮುಂದೆ ಚಾಚಿ ಒದ್ದಾಡಿ ಎಲ್ಲವನ್ನೂ ಕೆಳಗೆ ಬಿಡುವುದು. ಬೆನ್ನಮೂಳೆ ಎದ್ದು ಕಾಣತೊಡಗಿತು. ಪಕ್ಕದ ಮನೆಯವರು ದೃಷ್ಟಿ ತೆಗೆದರು. ಹಾಲವ್ವ ದಿನವೂ ಅದರ ಕೊರಳಿನ ದಾರಕ್ಕೆ ಕೈ ಮುಗಿದಳು.

"ಎಲ್ಲಿ ಹೋತು ನಿಮ್ಮ ಅಜ್ಜನ ದಾರದ ಮಹಿಮಾ?" ಎಂದ ಕೊಟ್ರಪ್ಪ.

"ಚುಕ್ಕಿ ಮುಂದ ಹಂಗ ಅನಬ್ಯಾಡ್ರಿ. ಅದಕ್ಕ ಎಲ್ಲಾ ತಿಳಿತೈತಿ."

"ತಿಳಿದಿದ್ರ ಮೇವು ತಿಂತಿತ್ತು."

ಆಡಿನ ಮೇಲೆ ಅವನಿಗೂ ಪ್ರೀತಿಯಿತ್ತು. ಸಂಜೆ ಮಲಾರ ಇಳಿಸುವಾಗ ಅದು ಓಡಿ ಬಂದು ಅವನ ಧೋತರದ ಅಂಚು ಜಗ್ಗದಿದ್ದರೆ ಅವನಿಗೆ ಮನೆ ಸೇರಿದಂತೆಯೇ ಆಗುತ್ತಿರಲಿಲ್ಲ. ಆದರೂ ಹಟವೆಂಬುದು ಕೆಟ್ಟದ್ದು. ಒಂದು ಗಳಿಗೆ ಅವನ ಮನಸ್ಸಿನೊಳಗೆ, ಇದು ಸತ್ತರಾದರೂ ಇವಳಿಗೆ ಬುದ್ಧಿ ಬಂದೀತು ಎಂಬ ಯೋಚನೆ ಹಾದುಹೋಯಿತು. ಯೋಚಿಸಿದ್ದು ತಾನೇ ಎಂದು ತಿಳಿದಾಗ ಅವನಿಗೆ ಹೇಸಿಕೆಯಾಯಿತು. ಆ ಹೇಸಿಕೆಯನ್ನೂ ಅವನು ಸಿಟ್ಟಾಗಿ ತಿರುಗಿಸಿಕೊಂಡು, "ನಡಿ, ಇವತ್ತ ಆ ಅಜ್ಜನ್ನ ಮುಖಾಮುಖಿ ಕೇಳೇ ಬಿಡ್ತೀನಿ" ಎಂದು ಚುಕ್ಕಿಯನ್ನು ಎತ್ತಿಕೊಂಡು ಹೊರಟ. ಕೈಗೆ ಭಾರವೇ ಹತ್ತಲಿಲ್ಲ. ಹಾಲವ್ವ ಸೆರಗು ಬಾಯಿಗಿಟ್ಟುಕೊಂಡು ಹಿಂದಿನಿಂದ ನಡೆದಳು.

ಅಜ್ಜನವರು ಎಂದಿನಂತೆ ಕಟ್ಟೆಯ ಮೇಲೆ ಮೊರ ಹಿಡಿದು ಕುಳಿತಿದ್ದರು. ಕೊಟ್ರಪ್ಪ ನಮಸ್ಕಾರವನ್ನೂ ಮಾಡಲಿಲ್ಲ. ಆಡನ್ನು ಅವರ ಮುಂದೆ ಇಳಿಸಿದ.

"ನೋಡ್ರಿ ಅಜ್ಜಾರ, ನೀವು ಕಾಪಾಡಿದ ಆಡು. ಮೇವು ಬಿಟ್ಟು ಎಲುಬು ಆಗೈತಿ. ನಿಮ್ಮ ದಾರ ಬರೇ ದಾರ ಐತಿ ಅಂತ ನಾ ಮೊದಲಿಂದ ಹೇಳ್ಕೋತ ಬಂದೀನಿ. ಈಗ ನೀವಾದ್ರೂ ಈಕಿಗೆ ಹೇಳ್ರಿ."

ಕಟ್ಟೆಯ ಸುತ್ತ ಕುಳಿತವರ ಮುಖ ಕಪ್ಪಿಟ್ಟಿತು. ಹಾಲವ್ವನಿಗೆ ನೆಲ ಬಾಯ್ದೆರೆದು ತನ್ನನ್ನು ನುಂಗಬಾರದೇ ಅನ್ನಿಸಿತು. ಅಜ್ಜನವರು ಮಾತ್ರ ಮೊರವನ್ನು ಪಕ್ಕಕ್ಕಿಟ್ಟು, ಚುಕ್ಕಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಮಂತ್ರ ಹೇಳಲಿಲ್ಲ, ಕಣ್ಣು ಮುಚ್ಚಲಿಲ್ಲ. ಕವಡೆಯ ಪಟ್ಟಿ ತೆಗೆದರು. ಅದರ ಕೆಳಗಿನ ಕಪ್ಪು ಕೂದಲಲ್ಲಿ ನಿಧಾನವಾಗಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅವರ ಮುಖ ಬಾಡಿತು.

"ಕೊಟ್ರಪ್ಪ, ಹ್ವಾದ ವರ್ಷದ ಅಳತಿ ಬಳಿ ಈ ವರ್ಷ ಕೂಸಿಗೆ ತೊಡಿಸ್ತಿಯೇನು?"

ಇದೆಂಥ ಪ್ರಶ್ನೆ ಎಂದು ಅವನಿಗೆ ಅರ್ಥವಾಗಲಿಲ್ಲ. "ಇಲ್ಲರಿ. ಕೈ ಬೆಳದಿರ್ತದ. ಹಳೀ ಬಳಿ ತೆಗದು ದೊಡ್ಡವು ಇಡ್ತೀನಿ."

"ಕೊರಳೂ ಬೆಳಿತದ, ತಮ್ಮಾ. ಬೆರಳು ಇಟ್ಟು ನೋಡು."

ಕೊಟ್ರಪ್ಪ ಬಗ್ಗಿ ಬೆರಳಿಟ್ಟ. ಹಿಡಿದ ಕೂಡಲೇ ಮಣಿಕಟ್ಟಿನ ಅಳತೆ ಹೇಳುವ ಬೆರಳುಗಳವು. ಕೂದಲ ಕೆಳಗೆ ದಾರ ಚರ್ಮದೊಳಕ್ಕೆ ಇಳಿದು ಗೀರು ಬಿದ್ದಿತ್ತು. ಅಂದು ಸಡಿಲವಾಗಿಯೇ ಕಟ್ಟಿದ್ದ ದಾರ, ಮರಿ ಬೆಳೆದಂತೆ ಬಿಗಿಯುತ್ತ ಬಿಗಿಯುತ್ತ ಗಂಟಲನ್ನೇ ಹಿಡಿದಿತ್ತು. ಚುಕ್ಕಿಗೆ ಹಸಿವಿತ್ತು. ನುಂಗಲು ದಾರಿಯಿರಲಿಲ್ಲ.

ಮಲಾರದ ದಾರ ಕತ್ತರಿಸಲೆಂದು ಕೊಟ್ರಪ್ಪ ಸೊಂಟದಲ್ಲಿ ಒಂದು ಪುಟ್ಟ ಕತ್ತರಿ ಇಟ್ಟುಕೊಂಡಿರುತ್ತಿದ್ದ. ಅಜ್ಜನವರು ಅದನ್ನು ಕೇಳಿ ಕೈ ಚಾಚಿದರು. ಹಾಲವ್ವ ಓಡಿ ಬಂದು ಅವರ ಪಾದ ಹಿಡಿದಳು.

"ಬ್ಯಾಡ್ರಿ ಯಪ್ಪಾ! ಅದು ನೀವು ಕಟ್ಟಿದ್ದು. ಅದರಿಂದನ ಇದು ಜೀವ ಹಿಡದೈತಿ."

"ಜೀವ ಹಿಡದದ್ದು ನೀ ಕುಡಿಸಿದ ಹಾಲಿನಿಂದ, ಯವ್ವಾ. ನಿನ್ನ ಗಂಡ ಹೇಳಿದ್ದು ಖರೇ ಐತಿ, ಇದು ಬರೇ ದಾರ. ಕಟ್ಟಿದವರು ತಿರುಗಿ ನೋಡಬೇಕಾಗಿತ್ತು. ನಾವು ನೋಡಲಿಲ್ಲ. ತಪ್ಪು ನಮ್ಮದು."

ಇಷ್ಟು ಹೇಳಿ, ಕೈ ಅಲುಗದಂತೆ, ಚರ್ಮಕ್ಕೆ ನೋವಾಗದಂತೆ ಅಜ್ಜನವರು ತಮ್ಮದೇ ದಾರವನ್ನು ಕತ್ತರಿಸಿದರು. ಗಾಯಕ್ಕೆ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಆ ಮೂಕಪ್ರಾಣಿಗೆ ಎರಡೂ ಕೈ ಜೋಡಿಸಿದರು.

ಕೊಟ್ರಪ್ಪ ಗೆದ್ದಿದ್ದ. ಇಷ್ಟು ವರ್ಷ ಯಾವ ಮಾತಿಗಾಗಿ ಹೆಂಡತಿಯೊಡನೆ ಕಾದಾಡಿದ್ದನೋ ಆ ಮಾತನ್ನು ಅಜ್ಜನವರೇ ಊರ ಮುಂದೆ ಒಪ್ಪಿಕೊಂಡಿದ್ದರು. ಆದರೆ ಅವನಿಗೆ ತಲೆಯೆತ್ತಲು ಆಗಲಿಲ್ಲ. ತಪ್ಪು ನಮ್ಮದು ಎಂದು ಇಷ್ಟು ಸಲೀಸಾಗಿ ಹೇಳಿದ ಮನುಷ್ಯನನ್ನು ಅವನು ಹತ್ತೂರಲ್ಲಿ ಎಲ್ಲಿಯೂ ಕಂಡಿರಲಿಲ್ಲ. ತಾನಂತೂ ಒಮ್ಮೆಯೂ ಹಾಗೆ ಹೇಳಿದವನಲ್ಲ. ದಿನಬೆಳಗಾದರೆ ಊರ ಮಕ್ಕಳ ಕೈ ಹಿಡಿದು ಅಳತೆ ನೋಡುವವನು, ಮನೆಯ ಆಡಿನ ಕೊರಳಿಗೆ ಒಂದು ದಿನವೂ ಬೆರಳು ತಾಗಿಸಿರಲಿಲ್ಲ. ಆ ದಾರ ಹೆಂಡತಿಯ ಪಾಲಿಗೆ ದೇವರಾಗಿತ್ತು, ಅವನ ಪಾಲಿಗೆ ವಾದವಾಗಿತ್ತು. ಇಬ್ಬರ ನಡುವೆ ಚುಕ್ಕಿ ಉಪವಾಸ ಬಿದ್ದಿತ್ತು.

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಮರೆಮಾಡಲೂ ಇಲ್ಲ.

"ಅಜ್ಜಾರ, ಇದು ಸಾಯಲಿ ಅಂತ ಒಂದು ಗಳಿಗಿ ಅಂದಿದ್ದೆ ನಾನು, ಮನಸಿನ್ಯಾಗ."

"ಈಗೇನಂತಿ?"

"ಉಣ್ಣಲಿ ಅಂತೀನಿ."

"ಹಂಗಾರ ಉಣಿಸು."

ಅಜ್ಜನವರು ದಾಸೋಹದ ತೆಳು ಅಂಬಲಿ ತರಿಸಿ ಬಟ್ಟಲನ್ನು ಅವನ ಕೈಗಿತ್ತರು. ಕೊಟ್ರಪ್ಪ ಅಂಗೈಯಲ್ಲಿ ಅಂಬಲಿ ಸುರಿದುಕೊಂಡು ಚುಕ್ಕಿಯ ಬಾಯ ಹತ್ತಿರ ಹಿಡಿದ. ಅದು ಮೂಸಿತು, ಮುಖ ತಿರುಗಿಸಿತು. ಅವನು ಹಿಡಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಕೊನೆಗೆ ಚುಕ್ಕಿ ಒಂದು ಸಲ ನೆಕ್ಕಿತು, ಕೊರಳು ಚಾಚಿತು, ನುಂಗಿತು. ಮತ್ತೆ ನೆಕ್ಕಿತು. ಹಾಲವ್ವ ಕೊಟ್ರಪ್ಪನ ಪಕ್ಕದಲ್ಲಿ ಕುಳಿತು ಬಟ್ಟಲಿನಿಂದ ಅವನ ಅಂಗೈಗೆ ಅಂಬಲಿ ಸುರಿಯುತ್ತ ಹೋದಳು. ಬಟ್ಟಲು ಬರಿದಾಗುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಅಂದಿನಿಂದ ಅಜ್ಜನವರು ದಾರ ಕಟ್ಟಿಸಿಕೊಂಡವರಿಗೆಲ್ಲ, ಮುಂದಿನ ವರ್ಷ ಬಂದು ಬಿಚ್ಚಿಸಿಕೊಂಡು ಹೋಗಬೇಕೆಂದು ತಾವೇ ಹೇಳತೊಡಗಿದರು. ಊರವರ ಹಳೆಯ ಕಟ್ಟಳೆ ಹೀಗೆ ತಾನಾಗಿಯೇ ಬಿಟ್ಟುಹೋಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಚುಕ್ಕಿಯ ಗಾಯ ಮಾಯ್ದು, ಅದರ ಮೇಲೆ ಹೊಸ ಕೂದಲು ಬಂದಿತ್ತು. ಒಂದು ಸೋಮವಾರ ಕೊಟ್ರಪ್ಪ, ಹಾಲವ್ವನಿಗೂ ಹೇಳದೆ, ಅದನ್ನು ನಡೆಸಿಕೊಂಡು ಕಟ್ಟೆಗೆ ಬಂದ. ದಾರಿಯುದ್ದಕ್ಕೂ ಅದು ಬೇಲಿಬೇಲಿಗೆ ಬಾಯಿ ಹಾಕಿ ಅವನನ್ನು ತಡಮಾಡಿಸಿತ್ತು. ಬಂದವನು ಅಜ್ಜನವರಿಗೆ ಅಡ್ಡಬಿದ್ದು ಕೈ ಜೋಡಿಸಿ ನಿಂತ.

"ಅಜ್ಜಾರ, ಒಂದು ದಾರ ಕಟ್ಟ್ರಿ ಇದಕ್ಕ."

ಅಜ್ಜನವರು ಅವನ ಮುಖ ನೋಡಿದರು. "ಬರೇ ದಾರ ಅಲ್ಲೇನೋ ತಮ್ಮಾ?"

"ಹೌದ್ರಿ. ಆದ್ರೂ ನಿಮ್ಮ ಕೈಲೆ ಕಟ್ಟ್ರಿ. ಅದು ಇದ್ರ ದಿನಾ ಬೆರಳಿಟ್ಟು ನೋಡೋ ನೆಪ ನನಗ."

ಅಜ್ಜನವರು ದಾರ ಹೊಸೆದು ಕಟ್ಟಿದರು. ಕೊಟ್ರಪ್ಪ ಮೊಣಕಾಲೂರಿ ಕುಳಿತು, ದಾರದ ಕೆಳಗೆ ಎರಡು ಬೆರಳು ತೂರಿಸಿ ಸುತ್ತಲೂ ಆಡಿಸಿ ನೋಡಿದ. ಸಡಿಲವಾಗಿತ್ತು. ಆಗ ಅವನು ಆ ದಾರವನ್ನು ಕಣ್ಣಿಗೆ ಒತ್ತಿಕೊಂಡ.